ಮರದ ಸಾಮಾನಿನ ಮೇಲೆ ಬಿದ್ದ ಬಣ್ಣ: ಪಾಲಿಶ್ ಕೆಡದಂತೆ ತೆಗೆಯುವ ಬಗೆ



ದಸರೆಯಿಂದ ದೀಪಾವಳಿಯವರೆಗೆ ನಮ್ಮ ಗಡಿ ಊರುಗಳ ಮನೆಗಳಲ್ಲೂ ಸಂಘದ ಕಟ್ಟಡಗಳಲ್ಲೂ ಸುಣ್ಣ-ಬಣ್ಣದ ಕೆಲಸ ನಡೆಯುತ್ತದೆ. ನವೆಂಬರ್ 1ಕ್ಕೆ ಧ್ವಜದ ಕಂಬಕ್ಕೆ ಹಳದಿ-ಕೆಂಪು ಬಳಿಯುವುದೂ ಅದರಲ್ಲೇ ಸೇರಿರುತ್ತದೆ. ಅದೆಲ್ಲ ಮುಗಿದ ಮೇಲೆ ನಮಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹಳೆಯ ಬೀರುವಿನ ಮೇಲೆ, ಅಜ್ಜನ ಮೇಜಿನ ಮೇಲೆ, ವಾಚನಾಲಯದ ಕುರ್ಚಿಯ ಮೇಲೆ ಬಣ್ಣ ಸಿಡಿದಿದೆ, ಏನು ಮಾಡುವುದು?

ಬಣ್ಣ ತೆಗೆಯುವುದು ಕಷ್ಟದ ಕೆಲಸವಲ್ಲ. ತಿನ್ನರ್ ಸುರಿದು ಉಜ್ಜಿದರೆ ಯಾವ ಬಣ್ಣವೂ ಹೋಗುತ್ತದೆ. ಆದರೆ ಬಣ್ಣದ ಜೊತೆಗೆ ಅದರ ಕೆಳಗಿನ ಪಾಲಿಶ್ ಕೂಡ ಹೋಗುತ್ತದೆ, ಕಾಸಿನಗಲದ ಕಲೆಯ ಜಾಗದಲ್ಲಿ ತಟ್ಟೆಯಗಲದ ಬಿಳಿ ಮಚ್ಚೆ ಉಳಿಯುತ್ತದೆ. ತೇಗದ ಅಥವಾ ಬೀಟೆಯ ಹಳೆಯ ಸಾಮಾನಿಗೆ ಐವತ್ತು-ಅರವತ್ತು ವರ್ಷಗಳಲ್ಲಿ ಬಂದಿರುವ ಮೈಬಣ್ಣವನ್ನು ಯಾವ ಪಾಲಿಶಿನವರೂ ಒಂದು ದಿನದಲ್ಲಿ ಮರಳಿ ತರಲಾರರು. ಆ ಪಾಲಿಶಿನ ಪದರವಾದರೂ ಎಷ್ಟು ದಪ್ಪ? ಒಂದು ಪೋಸ್ಟ್ ಕಾರ್ಡಿಗಿಂತ ತೆಳು. ಅಷ್ಟು ತೆಳುವಾದ ಪದರದ ಮೇಲೆ ಬಿದ್ದ ಬಣ್ಣವನ್ನು ಮಾತ್ರ ಎತ್ತಬೇಕು, ಪದರ ಹಾಗೆಯೇ ಇರಬೇಕು. ಈ ಬರಹದಲ್ಲಿ ಹೇಳುವುದೆಲ್ಲ ಇದಕ್ಕಾಗಿಯೇ.

ಮೊದಲು ತಿಳಿಯಬೇಕಾದ್ದು: ಕೆಳಗಿರುವುದು ಏನು?

ಬಿದ್ದ ಬಣ್ಣ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಅದು ಬಿದ್ದಿರುವ ಪಾಲಿಶ್ ಯಾವುದು ಎಂದು ಕೇಳುವವರು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯ.

ಹಳೆಯ ಮನೆಗಳ ಸಾಮಾನುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಅರಗಿನ ಪಾಲಿಶ್. ಪಾಲಿಶ್ ಮಾಡುವವರು ಇದನ್ನು ಸ್ಪಿರಿಟ್ ಪಾಲಿಶ್ ಅಥವಾ ಫ್ರೆಂಚ್ ಪಾಲಿಶ್ ಎನ್ನುತ್ತಾರೆ. ಮುತ್ತುಗದಂಥ ಮರಗಳ ಮೇಲೆ ಬದುಕುವ ಅರಗಿನ ಹುಳು ಒಸರಿಸುವ ಅಂಟನ್ನು ಶುದ್ಧ ಮಾಡಿ, ಚಕ್ಕೆ ಮಾಡಿ, ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಮರಕ್ಕೆ ಹಚ್ಚುತ್ತಾರೆ. ಸ್ಪಿರಿಟ್ ಆರಿಹೋಗುತ್ತದೆ, ಅರಗು ಉಳಿಯುತ್ತದೆ. ಅರಗು ಎಷ್ಟು ಹಳೆಯದಾದರೂ ಸ್ಪಿರಿಟ್ ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ಇದೇ ಅದರ ದೌರ್ಬಲ್ಯ. ಕೊರೋನಾ ಕಾಲದಲ್ಲಿ ಮೇಜಿನ ಮೇಲೆ ಸ್ಯಾನಿಟೈಸರ್ ಹನಿ ಬಿದ್ದು ಬಿಳಿ ಕಲೆಗಳಾದದ್ದು ಹಲವರ ಮನೆಯಲ್ಲಿ ಇಂದಿಗೂ ಕಾಣುತ್ತದೆ, ಕಾರಣ ಇದೇ. ವಾಷಿಂಗ್ ಸೋಡಾ, ಅಮೋನಿಯಾ, ಖಾರವಾದ ಬಟ್ಟೆ ಸೋಪು, ಹಸಿ ಸುಣ್ಣ ಇವೂ ಅರಗನ್ನು ಕೆಡಿಸುತ್ತವೆ. ಟರ್ಪೆಂಟೈನ್ ಮಾತ್ರ ಅರಗನ್ನು ಕರಗಿಸುವುದಿಲ್ಲ. ಈ ಒಂದು ಸಂಗತಿ ನೆನಪಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಈಚಿನ ಇಪ್ಪತ್ತು-ಮೂವತ್ತು ವರ್ಷಗಳ ಸಾಮಾನುಗಳಿಗೆ ಮೆಲಮೈನ್ ಅಥವಾ ಪಿಯು ಪಾಲಿಶ್ ಇರಬಹುದು. ಇವು ಗಟ್ಟಿ, ಟರ್ಪೆಂಟೈನಿಗೂ ಸ್ವಲ್ಪ ಹೊತ್ತಿನ ಸ್ಪಿರಿಟಿಗೂ ಜಗ್ಗುವುದಿಲ್ಲ. ಇವೆರಡರ ನಡುವೆ ಎನ್.ಸಿ. ಲ್ಯಾಕರ್ ಎಂಬುದೊಂದಿದೆ. ಇದು ಒಣಗಿದ ಎಷ್ಟು ವರ್ಷಕ್ಕಾದರೂ ಎನ್.ಸಿ. ತಿನ್ನರಿಗೆ, ಉಗುರು ಬಣ್ಣ ಅಳಿಸುವ ದ್ರವಕ್ಕೆ ಕರಗುತ್ತದೆ. ಹಳ್ಳಿ ಮನೆಗಳಲ್ಲಿ ಎಣ್ಣೆ ಅಥವಾ ಮೇಣ ಮಾತ್ರ ತಿಕ್ಕಿದ ಮರವೂ ಉಂಟು, ಏನೂ ಹಚ್ಚದ ಬರೀ ಮರವೂ ಉಂಟು.

ಪರೀಕ್ಷೆ ಹೀಗೆ. ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ: ಮೇಜಾದರೆ ಹಲಗೆಯ ಕೆಳಗಿನ ಅಂಚು, ಬೀರುವಾದರೆ ಹಿಂಬದಿಯ ಕಾಲು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟಿನಲ್ಲಿ ಅದ್ದಿ ಅಲ್ಲಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಜಾಗ ಅಂಟಂಟಾಗಿ ಕಡ್ಡಿಗೆ ಕಂದು ಬಣ್ಣ ಹತ್ತಿದರೆ ಅದು ಅರಗು. ಏನೂ ಆಗದಿದ್ದರೆ ಪಕ್ಕದಲ್ಲಿ ಎನ್.ಸಿ. ತಿನ್ನರಿನಿಂದ ಹೀಗೆಯೇ ಮಾಡಿ. ಅಂಟಾದರೆ ಲ್ಯಾಕರ್. ಎರಡಕ್ಕೂ ಬಗ್ಗದಿದ್ದರೆ ವಾರ್ನಿಶ್, ಮೆಲಮೈನ್ ಅಥವಾ ಪಿಯು. ಉಗುರಿನಿಂದ ಗೀರಿದಾಗ ಉಗುರಿನಡಿ ಮೆತ್ತಗಿನದೇನೋ ಸೇರಿಕೊಂಡರೆ ಮೇಲೆ ಮೇಣವಿದೆ. ನೀರಿನ ಹನಿ ತಕ್ಷಣ ಇಂಗಿ ಜಾಗ ಕಪ್ಪಾದರೆ ಅದು ಬರೀ ಮರ. ಐದು ನಿಮಿಷದ ಈ ಕೆಲಸವನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ ಎಂದು ನಮ್ಮ ವಿನಂತಿ.

ಬಿದ್ದ ಕೂಡಲೇ

ಬಣ್ಣ ಈಗಷ್ಟೇ ಚೆಲ್ಲಿದ್ದರೆ ಬಟ್ಟೆ ತಂದು ಒರೆಸಲು ಹೋಗಬೇಡಿ. ಒರೆಸಿದರೆ ಅಂಗೈಯಗಲದ್ದು ಮೊಳದಗಲ ಆಗುತ್ತದೆ, ಮರದ ರಂಧ್ರಗಳೊಳಗೆ ಇಳಿಯುತ್ತದೆ. ಮೊದಲು ಗಟ್ಟಿ ಕಾಗದದ ಎರಡು ತುಂಡುಗಳಿಂದ, ರೊಟ್ಟಿ ಎತ್ತಿದ ಹಾಗೆ, ಬಣ್ಣವನ್ನು ಮೇಲಿಂದ ಎತ್ತಿ ತೆಗೆಯಿರಿ. ಕಳೆದ ವರ್ಷದ ಕಾರ್ಯಕ್ರಮದ ಉಳಿದ ಆಮಂತ್ರಣ ಪತ್ರಿಕೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ, ಯಾವ ಸಂಘದ ಬೀರುವಿನಲ್ಲಿ ಅವು ಇಲ್ಲ? ಎತ್ತಿದ ಮೇಲೆ ಉಳಿದದ್ದನ್ನು ಹೊರ ಅಂಚಿನಿಂದ ನಡುವಿನ ಕಡೆಗೆ ಒತ್ತಿ ಒತ್ತಿ ಹೀರಿಸಿ.

ಗೋಡೆಗೆ ಹಚ್ಚುವ ಎಮಲ್ಷನ್ ನೀರಿನ ಬಣ್ಣ. ಹಸಿಯಿರುವಾಗ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಮೆತ್ತನೆಯ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ಹಿಂಡುವುದು ಮುಖ್ಯ. ಅರಗಿನ ಪಾಲಿಶಿಗೆ ನೀರು ನಿಂತರೆ ಮೋಡ ಕವಿದಂತೆ ಬೆಳ್ಳಗಾಗುತ್ತದೆ. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಆದರೂ ಗಾಬರಿ ಬೇಡ, ಬೆಳ್ಳಗಾದದ್ದು ಒಣ ಹವೆಯಲ್ಲಿ ಒಂದೆರಡು ದಿನ ಬಿಟ್ಟರೆ ಎಷ್ಟೋ ಸಲ ತಾನೇ ಮಾಯವಾಗುತ್ತದೆ.

ಬಾಗಿಲು, ಕಿಟಕಿ, ಕಬ್ಬಿಣದ ಸರಳು, ಕಂಬಗಳಿಗೆ ಹಚ್ಚುವ ಎನಾಮೆಲ್ ಎಣ್ಣೆ ಬಣ್ಣ. ಇದಕ್ಕೆ ನೀರು ಉಪಯೋಗವಿಲ್ಲ, ಮಿನರಲ್ ಟರ್ಪೆಂಟೈನ್ ಬೇಕು. ಬಟ್ಟೆಯ ತುದಿಯನ್ನು ಅದರಲ್ಲಿ ತೇವ ಮಾಡಿ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಭಾಗ ತಿರುಗಿಸಿಕೊಳ್ಳಿ. ಬಟ್ಟೆಯ ಮಾತು ಬಂತು: ಹಳೆಯ ಪಂಚೆ, ಬನಿಯನ್ ಒಳ್ಳೆಯದು. ಸೊಲ್ಲಾಪುರ, ಜತ್ತ ಕಡೆಯವರು ಹೇಳುವ ಮೆತ್ತನ್ನ ಹಳೇ ಅರಿವಿ. ಅಚ್ಚು ಬಣ್ಣದ ಹೊಸ ಬಟ್ಟೆ ಬೇಡ, ಟರ್ಪೆಂಟೈನಿಗೆ ಅದರ ಬಣ್ಣವೂ ಬಿಡಬಹುದು.

ಸೀಮೆಎಣ್ಣೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಸ್ವಲ್ಪ ನಿಧಾನ. ಆದರೆ ಆರಲು ಹೊತ್ತು ಹಿಡಿಯುತ್ತದೆ, ಜಿಡ್ಡು ಮತ್ತು ವಾಸನೆ ಉಳಿಸುತ್ತದೆ. ಬೇರೇನೂ ಸಿಗದಾಗ ಮಾತ್ರ.

ಅಂಗಡಿಯಲ್ಲಿ ಕೇಳುವಾಗ

ಇಲ್ಲಿ ನಮ್ಮವರು ಎಡವುವುದು ಹೆಚ್ಚು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ತಿನ್ನರ್ ಕೊಡಿ’ ಎಂದರೆ ಕೆಲವರು ಟರ್ಪೆಂಟೈನ್ ಕೊಡುತ್ತಾರೆ, ಕೆಲವರು ಎನ್.ಸಿ. ತಿನ್ನರ್ ಕೊಡುತ್ತಾರೆ. ಎರಡೂ ನೀರಿನಂತೆ ತಿಳಿ, ಡಬ್ಬಿ ಬಿಡಿಯಾಗಿ ಸುರಿದು ಕೊಟ್ಟರೆ ನೋಡಿ ಗುರುತಿಸಲಾಗದು. ಟರ್ಪೆಂಟೈನ್ ಅರಗಿಗೂ ಲ್ಯಾಕರಿಗೂ ಅಪಾಯವಿಲ್ಲದ್ದು, ಎನ್.ಸಿ. ತಿನ್ನರ್ ಎರಡನ್ನೂ ನಿಮಿಷದಲ್ಲಿ ಸುಲಿದು ಹಾಕುವಂಥದು. ವಾಸನೆಯಲ್ಲಿ ವ್ಯತ್ಯಾಸವುಂಟು: ಟರ್ಪೆಂಟೈನ್ ಸೀಮೆಎಣ್ಣೆಯ ಜಾತಿ, ತಿನ್ನರ್ ಉಗುರು ಬಣ್ಣದ ಜಾತಿ. ಮೂಸಿ ನೋಡಲು ಹೋಗುವುದಕ್ಕಿಂತ ಸೀಲು ಒಡೆಯದ ಡಬ್ಬಿ ಕೊಂಡು ಹೆಸರು ಓದುವುದು ಲೇಸು.

ಅಗಸೆ ಎಣ್ಣೆಯದು ಇನ್ನೊಂದು ಕಥೆ. ಕನ್ನಡದಲ್ಲಿ ಅಗಸೆ ಎಂದರೆ ಎಣ್ಣೆಕಾಳೂ ಹೌದು, ಹೂವು-ಸೊಪ್ಪು ಪಲ್ಯ ಮಾಡುವ ಮರವೂ ಹೌದು. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ತೆಲುಗಿನ ಅವಿಸೆಗೂ ಇದೇ ಎರಡು ಅರ್ಥ. ನಮಗೆ ಬೇಕಾದ್ದು ಎಣ್ಣೆಕಾಳಿನದು. ಅಕ್ಕಲಕೋಟೆ, ಸೊಲ್ಲಾಪುರದ ಅಂಗಡಿಗಳಲ್ಲಿ ಜವಸ ಅಥವಾ ಅಳಶಿ, ಹೊಸೂರು, ತಾಳವಾಡಿಯಲ್ಲಿ ಆಳಿ ವಿದೈ, ಕಾಸರಗೋಡು, ವಯನಾಡಿನಲ್ಲಿ ಚೆರುಚಣ ಎಂದು ಕೇಳಿದರೆ ಕಾಳು ಯಾವುದೆಂದು ತಿಳಿಯುತ್ತದೆ. ಆದರೆ ಅಡುಗೆಗೆ ಮಾರುವ ಎಣ್ಣೆ ಮರಕ್ಕೆ ಬೇಡ, ಅದು ವಾರಗಟ್ಟಲೆ ಒಣಗುವುದಿಲ್ಲ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್ ಎಂಬ ಹೆಸರಿನಲ್ಲೇ ಕೇಳಿ. ಅರಗಿನ ಚಕ್ಕೆ ಬೇಕಾದರೆ ತಮಿಳು, ಮಲಯಾಳಂ ಎರಡರಲ್ಲೂ ಅರಕ್ಕು, ತೆಲುಗಿನಲ್ಲಿ ಲಕ್ಕ, ಮರಾಠಿಯಲ್ಲಿ ಲಾಖ.

ಒಣಗಿದ ಬಣ್ಣ

ಎಮಲ್ಷನ್‌ನಲ್ಲಿರುವ ನೀರು ಆರಿದಾಗ ಅದರೊಳಗಿನ ಪ್ಲಾಸ್ಟಿಕ್ಕಿನಂಥ ಕಣಗಳು ಒಂದಕ್ಕೊಂದು ಕೂಡಿ ಚರ್ಮದಂತಾಗುತ್ತವೆ. ಆಮೇಲೆ ನೀರಿಗೆ ಕರಗುವುದಿಲ್ಲ, ಆದರೆ ಮೊದಲ ಕೆಲವು ದಿನ ನೀರಿಗೆ ಮೆತ್ತಗಾಗುತ್ತದೆ. ಎನಾಮೆಲ್ ಒಣಗುವ ಬಗೆ ಬೇರೆ. ಅದರೊಳಗಿನ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಪೂರ್ತಿ ಗಟ್ಟಿಯಾಗಲು ವಾರ ಅಥವಾ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ನಿನ್ನೆ ಬಿದ್ದ ಎನಾಮೆಲ್ ಹನಿ ಇವತ್ತು ಟರ್ಪೆಂಟೈನಿಗೆ ಇನ್ನೂ ಜಗ್ಗುತ್ತದೆ, ಕಳೆದ ವರ್ಷದ್ದು ಜಗ್ಗುವುದಿಲ್ಲ. ಸೊಲ್ಲಾಪುರದ ಏಪ್ರಿಲ್ ಬಿಸಿಲಿನಲ್ಲಿ ಈ ಲೆಕ್ಕವೆಲ್ಲ ಬೇಗ ಮುಗಿಯುತ್ತದೆ, ಊಟಿಯ ಚಳಿಯಲ್ಲಿ ಹೆಚ್ಚು ಸಮಯ ಸಿಗುತ್ತದೆ.

ಒಂದೆರಡು ದಿನದ ಎಮಲ್ಷನ್ ಕಲೆಗೆ, ಸೋಪು ನೀರಲ್ಲಿ ಅದ್ದಿ ಹಿಂಡಿದ ಸಣ್ಣ ಬಟ್ಟೆಯ ತುಂಡನ್ನು ಕಲೆಯ ಮೇಲಷ್ಟೇ ಇಟ್ಟು ಹತ್ತು ನಿಮಿಷ ಕಾಯಿರಿ. ಕೆಳಗಿರುವುದು ಅರಗಾದರೆ ನೀರಿನ ಬದಲು ಅಗಸೆ ಎಣ್ಣೆಯಲ್ಲಿ ತೊಯ್ಸಿದ ತುಂಡು ಇಟ್ಟು ಅರ್ಧ ತಾಸು ಬಿಡಿ. ಎಣ್ಣೆ ಬಣ್ಣವನ್ನು ಕರಗಿಸುವುದಿಲ್ಲ. ಅಂಚುಗಳಲ್ಲಿ ಇಳಿದು ಹಿಡಿತ ಸಡಿಲಿಸುತ್ತದೆ, ಎಬ್ಬುವ ಕಾರ್ಡು ಪಾಲಿಶಿಗೆ ಗೀರು ಬೀಳಿಸದೆ ಜಾರುವಂತೆ ಮಾಡುತ್ತದೆ. ಅವಧಿ ಮುಗಿದ ಎ.ಟಿ.ಎಂ. ಕಾರ್ಡನ್ನು ತೀರ ಓರೆಯಾಗಿ ಹಿಡಿದು, ಮರದ ಎಳೆಯ ದಿಕ್ಕಿನಲ್ಲಿ, ಅಂಚಿನಿಂದ ಒಳಕ್ಕೆ ನಿಧಾನವಾಗಿ ತಳ್ಳಿ. ಒಮ್ಮೆಗೆ ಎದ್ದು ಬರಬೇಕೆಂಬ ಹಟ ಬೇಡ. ಸ್ವಲ್ಪ ಎದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು.

ತೆಂಗಿನೆಣ್ಣೆಯೂ ಜಾರಿಸುವ ಕೆಲಸಕ್ಕೆ ಬರುತ್ತದೆ, ಕರಾವಳಿಯ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಅದೇ. ಆದರೆ ಅದು ಎಂದೂ ಒಣಗುವುದಿಲ್ಲ. ಪೂರ್ತಿ ಒರೆಸಿ ತೆಗೆಯದಿದ್ದರೆ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ. ನೀಲಗಿರಿಯವರಿಗೆ ಅದು ವರ್ಷದ ಹೆಚ್ಚು ಕಾಲ ಗಟ್ಟಿಯಾಗಿಯೇ ಇರುವುದರಿಂದ ಈ ಸಲಹೆ ಕೊಡುವುದೂ ತಮಾಷೆ.

ಹಳೆಯ ಎನಾಮೆಲ್ ಹನಿ, ಗುಬುಟಿನಂತೆ ಎದ್ದು ನಿಂತಿರುವುದು, ಇದಕ್ಕೆ ನುರಿತ ಬಡಗಿಗಳು ಮಾಡುವ ಒಂದು ಉಪಾಯವಿದೆ. ಹೊಸ ಶೇವಿಂಗ್ ಬ್ಲೇಡಿನ ಎರಡು ತುದಿಗೂ ತೆಳುವಾದ ಸೆಲ್ಲೋಟೇಪ್ ಒಂದೆರಡು ಸುತ್ತು ಸುತ್ತಿ, ನಡುವೆ ಮಾತ್ರ ಅಲಗು ಬಿಡಿ. ಬ್ಲೇಡನ್ನು ಹೆಚ್ಚುಕಡಿಮೆ ನೆಟ್ಟಗೆ ಹಿಡಿದು ಹನಿಯ ಮೇಲೆ ಎಳೆಯಿರಿ. ಟೇಪಿನ ದಪ್ಪ ಅಲಗನ್ನು ಪಾಲಿಶಿನಿಂದ ಎತ್ತಿ ಹಿಡಿಯುತ್ತದೆ, ಹನಿ ಮಾತ್ರ ಹೆರೆದು ಬರುತ್ತದೆ. ಹನಿ ಟೇಪಿನ ದಪ್ಪಕ್ಕೆ ಇಳಿದ ಮೇಲೆ ಬ್ಲೇಡು ತಾನಾಗಿ ಕೊಯ್ಯುವುದನ್ನು ನಿಲ್ಲಿಸುತ್ತದೆ. ಉಳಿದ ತೆಳು ಪೊರೆಗೆ ವಾಹನಗಳ ಬಣ್ಣಕ್ಕೆ ಹಚ್ಚುವ ರಬ್ಬಿಂಗ್ ಕಾಂಪೌಂಡ್ ಬಟ್ಟೆಗೆ ಸ್ವಲ್ಪ ತೆಗೆದುಕೊಂಡು, ಕಲೆಯ ಮೇಲಷ್ಟೇ ಬೆರಳ ತುದಿಯಿಂದ ಉಜ್ಜಿ. ಪ್ರತಿ ಇಪ್ಪತ್ತು ಉಜ್ಜಿಗೆ ಒರೆಸಿ ನೋಡಿ. ಬಟ್ಟೆಗೆ ಕಂದು ಬಣ್ಣ ಹತ್ತಲು ಶುರುವಾದರೆ ಕಲೆ ದಾಟಿ ಪಾಲಿಶಿಗೆ ಬಂದಿದ್ದೀರಿ ಎಂದು ಅರ್ಥ, ಅಲ್ಲಿಗೆ ಬಿಡಿ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ. ಸಾಮಾನಿಗೆ ಬಳಸುವ ಸೊನ್ನೆ ನಂಬರಿನ ನಯವಾದ ಉಕ್ಕಿನ ಹತ್ತಿಯೇ ಬೇರೆ, ನಮ್ಮ ಊರುಗಳಲ್ಲಿ ಅದು ಸುಲಭವಾಗಿ ಸಿಗುವುದೂ ಇಲ್ಲ.

ಕೆತ್ತನೆಯ ಸಂದಿಗಳಲ್ಲಿ ಕಾರ್ಡು, ಬ್ಲೇಡು ಎರಡೂ ನಡೆಯುವುದಿಲ್ಲ. ತೆಂಗಿನ ಗರಿಯ ಹಿಡಿಕಡ್ಡಿಯನ್ನು ಓರೆಯಾಗಿ ಕತ್ತರಿಸಿದರೆ ಒಳ್ಳೆಯ ಉಳಿ ಸಿದ್ಧ. ಮರಕ್ಕಿಂತ ಮೆದು, ಬಣ್ಣವನ್ನು ಎಬ್ಬುವಷ್ಟು ಗಟ್ಟಿ. ತುದಿ ಮೊಂಡಾದರೆ ಮತ್ತೆ ಕತ್ತರಿಸಿ. ತೇಗದಂಥ ಮರದ ರಂಧ್ರಗಳಲ್ಲಿ ಇಳಿದ ಬಣ್ಣಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್‌, ಎಳೆಯ ದಿಕ್ಕಿನಲ್ಲಿ. ಪೂರ್ತಿ ಹೋಗದೆ ಕೆಲವು ಚುಕ್ಕೆ ಉಳಿದರೆ ಉಳಿಯಲಿ. ಅಲ್ಲಿ ಕಂದು ಮೇಣದ ಪಾಲಿಶ್ ತಿಕ್ಕಿದರೆ ಮೂರು ಅಡಿ ದೂರದಿಂದ ಯಾರಿಗೂ ಕಾಣುವುದಿಲ್ಲ.

ಸುಣ್ಣ, ಡಿಸ್ಟೆಂಪರ್

ಸುಣ್ಣ ಬಳಿಯುವ ಮನೆಗಳು, ದೇವಸ್ಥಾನಗಳು ಇನ್ನೂ ಇವೆ. ಹಸಿ ಸುಣ್ಣ ಖಾರ, ಅರಗಿನ ಪಾಲಿಶನ್ನು ತಿನ್ನುತ್ತದೆ, ಒಗರಿರುವ ಮರಗಳನ್ನು ಕಪ್ಪಾಗಿಸುತ್ತದೆ. ಬಿದ್ದ ತಕ್ಷಣ ಒದ್ದೆ ಬಟ್ಟೆಯಿಂದ ಎತ್ತಿ, ಒಣ ಬಟ್ಟೆಯಿಂದ ಒರೆಸಿ. ಒಣಗಿದ ಸುಣ್ಣ ಗಾಳಿಯಿಂದ ಸೀಮೆಸುಣ್ಣದ ಜಾತಿಯದಾಗಿರುತ್ತದೆ. ದಪ್ಪ ಪದರವನ್ನು ಕಾರ್ಡಿನಿಂದ ಎಬ್ಬಿ, ಉಳಿದ ಬಿಳಿಗೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಹತ್ತಿಯಿಂದ ಒತ್ತಿ. ಸಣ್ಣಗೆ ಗುಳ್ಳೆ ಎದ್ದು ಕರಗುತ್ತದೆ. ಕೂಡಲೇ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಮೊಳೆ, ತಿರುಪು, ಕಬ್ಬಿಣದ ಪಟ್ಟಿಯ ಹತ್ತಿರ ವಿನೆಗರ್ ಬೇಡ: ಕಬ್ಬಿಣ, ಹುಳಿ, ಮರದ ಒಗರು ಮೂರೂ ಸೇರಿದರೆ ಶಾಯಿಯಂಥ ಕಪ್ಪು ಕಲೆ. ಡ್ರೈ ಡಿಸ್ಟೆಂಪರ್ ನೀರಿನ ಬಟ್ಟೆಗೇ ಹೋಗುತ್ತದೆ.

ಅಕ್ಷರಗಳ ಮೇಲೆ ಬಿದ್ದ ಬಣ್ಣ

ಇದನ್ನು ಬೇರೆಯಾಗಿ ಹೇಳಲು ಕಾರಣವಿದೆ. ಗಡಿಯಾಚೆಯ ಕನ್ನಡ ಶಾಲೆ, ವಾಚನಾಲಯ, ಭಜನಾ ಮಂದಿರಗಳ ಹಳೆಯ ಬೀರು, ಬೆಂಚು, ಕಪ್ಪುಹಲಗೆಯ ಚೌಕಟ್ಟುಗಳ ಮೇಲೆ ಬಿಳಿ ಅಥವಾ ಹಳದಿ ಎನಾಮೆಲ್‌ನಲ್ಲಿ ಕೈಬರಹ ಇರುತ್ತದೆ: ಕೊಟ್ಟವರ ಹೆಸರು, ಊರು, ಇಸವಿ, ಯಾರ ಸ್ಮರಣಾರ್ಥ ಎಂಬುದು. ಎಷ್ಟೋ ಕಡೆ ದಾಖಲೆ ಪುಸ್ತಕ ಗೆದ್ದಲಿಗೆ ಹೋಗಿ, ಸಂಸ್ಥೆಯನ್ನು ಕಟ್ಟಿದವರ ಹೆಸರು ಕನ್ನಡದಲ್ಲಿ ಉಳಿದಿರುವುದು ಆ ಬೀರುವಿನ ಬಾಗಿಲ ಮೇಲೆ ಮಾತ್ರ. ಗೋಡೆಗೆ ಬಣ್ಣ ಹಚ್ಚುವಾಗ ಅದರ ಮೇಲೆ ಹನಿ ಬಿದ್ದರೆ, ಶುಚಿ ಮಾಡುವ ಉತ್ಸಾಹದಲ್ಲಿ ಹೆಸರೂ ಅಳಿಸಿಹೋಗುತ್ತದೆ. ಅಳಿಸಿದ್ದನ್ನು ಹೊಸದಾಗಿ ಬರೆಸಬಹುದು ಎನ್ನುವವರಿದ್ದಾರೆ. ಬರೆಸಬಹುದು, ಆ ಕೈಬರಹ ಬರುವುದಿಲ್ಲ, ಇಸವಿ ಸರಿಯಾಗಿತ್ತೇ ಎಂದು ಆಮೇಲೆ ಜಗಳವೂ ಬರುತ್ತದೆ.

ಆದ್ದರಿಂದ ಮೊದಲು ಫೋಟೋ. ಒಂದು ನೇರ, ಒಂದು ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು. ಓರೆ ಬೆಳಕಿನಲ್ಲಿ ಮಾಸಿದ ಅಕ್ಷರದ ಉಬ್ಬು ಚೆನ್ನಾಗಿ ಕಾಣುತ್ತದೆ, ಕಣ್ಣಿಗೆ ಓದಲಾಗದ್ದನ್ನೂ ಹಾಗೆ ಓದಿದ ಉದಾಹರಣೆಗಳಿವೆ. ಓದಿದ್ದನ್ನು ಕಾಗದದ ಮೇಲೆ ಬರೆದಿಡಿ.

ಬಿದ್ದದ್ದು ಎಮಲ್ಷನ್ ಆದರೆ ಅದೃಷ್ಟ. ಹಳೆಯ ಎನಾಮೆಲ್ ಅಕ್ಷರಗಳಿಗೆ ತೇವದ ಬಟ್ಟೆ ಏನೂ ಮಾಡುವುದಿಲ್ಲ. ಮೆತ್ತಗಾದ ಎಮಲ್ಷನ್ನನ್ನು ಹಿಡಿಕಡ್ಡಿಯಿಂದ ಎತ್ತಬಹುದು. ಬಿದ್ದದ್ದು ಎನಾಮೆಲ್ ಆದರೆ ಅಕ್ಷರವೂ ಹನಿಯೂ ಒಂದೇ ಜಾತಿ, ವಯಸ್ಸು ಮಾತ್ರ ಬೇರೆ. ಆ ವಯಸ್ಸೇ ನಮ್ಮ ಸಹಾಯಕ್ಕೆ ಬರುತ್ತದೆ. ದಶಕಗಳಿಂದ ಗಟ್ಟಿಯಾದ ಅಕ್ಷರಕ್ಕಿಂತ ನಿನ್ನೆಯ ಹನಿ ಟರ್ಪೆಂಟೈನಿಗೆ ಬೇಗ ಸೋಲುತ್ತದೆ. ಹತ್ತಿ ಕಡ್ಡಿಯನ್ನು ಅದ್ದಿ, ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆದು, ಹನಿಯ ಮೇಲೆ ಉರುಳಿಸಿ. ಉಜ್ಜಬಾರದು. ಒಂದು ಕಡ್ಡಿ ಎರಡು ಸಲಕ್ಕಿಂತ ಹೆಚ್ಚು ಉಪಯೋಗಿಸಬಾರದು. ಅಕ್ಷರದ ಬಣ್ಣ ಕಡ್ಡಿಗೆ ಸ್ವಲ್ಪ ಕಂಡರೂ ಅಲ್ಲಿಗೆ ನಿಲ್ಲಿಸಿ. ಹನಿಯೂ ತಿಂಗಳುಗಟ್ಟಲೆ ಹಳೆಯದಾಗಿದ್ದರೆ ದ್ರಾವಕದ ಗೊಡವೆ ಬೇಡ. ಅಕ್ಷರದ ಪಕ್ಕದಲ್ಲಿರುವಷ್ಟನ್ನು ಟೇಪು ಸುತ್ತಿದ ಬ್ಲೇಡಿನಿಂದ ತೆಗೆದು, ಅಕ್ಷರದ ಮೇಲಿರುವುದನ್ನು ಬಿಟ್ಟುಬಿಡುವುದು ವಾಸಿ. ಹನಿ ಬಿದ್ದ ಹೆಸರನ್ನು ಓದಬಹುದು, ಅಳಿಸಿದ ಹೆಸರನ್ನು ಓದಲಾಗದು.

ಚನ್ನಪಟ್ಟಣದ ಅಥವಾ ಸಾವಂತವಾಡಿಯ ಅರಗಿನ ಬಣ್ಣದ ಸಾಮಾನು, ಕಿನ್ನಾಳದ ಗೊಂಬೆ, ಬಣ್ಣ ಬರೆದ ತೊಟ್ಟಿಲು ಇವುಗಳ ಮೇಲೆ ಬಣ್ಣ ಬಿದ್ದರೂ ಇದೇ ಎಚ್ಚರ. ಸ್ಪಿರಿಟ್ ಹತ್ತಿರಕ್ಕೂ ಬರಕೂಡದು. ಒಣ ಕಡ್ಡಿಯಿಂದ ಎದ್ದಷ್ಟೇ ಲಾಭ.

ಸೀಸದ ಮಾತು

ಹಳೆಯ ಎನಾಮೆಲ್‌ಗಳಲ್ಲಿ ಸೀಸ ಇರುತ್ತಿತ್ತು. ಮುಖ್ಯವಾಗಿ ಹಳದಿ, ಕಿತ್ತಳೆ, ಕೆಂಪಿಗೆ ಆ ಕಡು ಹೊಳಪು ಬರುತ್ತಿದ್ದುದು ಸೀಸದ ಕ್ರೋಮೇಟಿನಿಂದ. ನಮ್ಮ ಕಂಬಗಳ ಬಣ್ಣಗಳೇ ಅವು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 1 ನವೆಂಬರ್ 2017ರಿಂದ ಜಾರಿಯಾಯಿತು. ಅದಕ್ಕೆ ಮೊದಲಿನ ಎನಾಮೆಲ್ ಹನಿಯನ್ನು ಸೀಸವಿದೆ ಎಂದೇ ಭಾವಿಸಿ. ಒಣ ಉಪ್ಪುಕಾಗದದಿಂದ ಉಜ್ಜಬೇಡಿ, ಬಿಸಿ ಗಾಳಿಯ ಯಂತ್ರ ಹಿಡಿಯಬೇಡಿ. ಪುಡಿಯೇ ವಿಷ, ಚಿಕ್ಕ ಮಕ್ಕಳಿಗೆ ಹೆಚ್ಚು. ಎಣ್ಣೆ ಹಚ್ಚಿ ತೇವದಲ್ಲೇ ಹೆರೆಯಿರಿ, ಹೆರೆದದ್ದನ್ನು ಹಾಳೆಯಲ್ಲಿ ಸುತ್ತಿ ಬಿಸಾಡಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತೊಟ್ಟಿಲು, ಮಕ್ಕಳ ಮಂಚ, ಶಾಲೆಯ ಬೆಂಚಿನ ವಿಷಯದಲ್ಲಿ ಇದನ್ನು ಬಿಗಿಯಾಗಿ ಪಾಲಿಸಬೇಕು.

ಅಡುಗೆಯ ಮಣೆ, ಕಡಗೋಲು, ಒರಳಿನ ಹಿಡಿಯಂಥ ಬರೀ ಮರದ ಸಾಮಾನಿಗೆ ಬಣ್ಣ ಬಿದ್ದರೆ ಟರ್ಪೆಂಟೈನ್ ಹಾಕಬಾರದು, ಬಣ್ಣವನ್ನು ಇನ್ನೂ ಒಳಕ್ಕೆ ಒಯ್ಯುತ್ತದೆ. ಒಣಗಲು ಬಿಟ್ಟು ಹೆರೆಯುವುದೇ ದಾರಿ.

ಕಲೆ ಹೋದ ಮೇಲೆ

ಟರ್ಪೆಂಟೈನ್ ಪಾಲಿಶ್ ಕೆಡಿಸದಿದ್ದರೂ ಮೇಲಿದ್ದ ಮೇಣವನ್ನು ಒಯ್ಯುತ್ತದೆ, ಜಾಗ ಮಂಕಾಗಿ ಕಾಣುತ್ತದೆ. ಪಾಲಿಶ್ ಹೋಯಿತೆಂದು ಗಾಬರಿಯಾಗಿ ಪಾಲಿಶಿನವರನ್ನು ಕರೆಸುವ ಮೊದಲು ಮೇಣ ತಿಕ್ಕಿ ನೋಡಿ. ವಯನಾಡು, ನೀಲಗಿರಿಯಲ್ಲಿ ಒಳ್ಳೆಯ ಜೇನುಮೇಣ ಸಿಗುತ್ತದೆ. ಒಂದು ಪಾಲು ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆ ಆರಿಸಿ, ಡಬ್ಬಿಯನ್ನು ಅಂಗಳಕ್ಕೆ ತಂದ ಮೇಲೆ ಮೂರು ಪಾಲು ಟರ್ಪೆಂಟೈನ್ ಬೆರೆಸಿ ಕಲಕಿ. ತಣಿದಾಗ ಬೆಣ್ಣೆಯಂತಾಗುತ್ತದೆ. ಒಲೆಯ ಮೇಲಿರುವಾಗ ಬೆರೆಸಿದರೆ ಬೆಂಕಿ ಹತ್ತುವುದು ಖಂಡಿತ ಎಂದೇ ತಿಳಿಯಿರಿ. ತೆಳುವಾಗಿ ಹಚ್ಚಿ, ಅರ್ಧ ತಾಸು ಬಿಟ್ಟು, ಒಣ ಬಟ್ಟೆಯಿಂದ ಹೊಳಪು ಬರುವವರೆಗೆ ತಿಕ್ಕಿ.

ಅರಗಿನ ಪದರವೇ ಸವೆದಿದ್ದರೆ ಆ ಜಾಗಕ್ಕಷ್ಟೇ ತೆಳು ಅರಗಿನ ಪಾಲಿಶನ್ನು ಉಂಡೆಯಿಂದ ಸವರಿ ಕೂಡಿಸಬಹುದು. ಹೊಸ ಅರಗಿನ ಸ್ಪಿರಿಟ್ ಹಳೆಯದನ್ನು ಸ್ವಲ್ಪ ಕರಗಿಸಿ ತನ್ನೊಳಗೆ ಸೇರಿಸಿಕೊಳ್ಳುವುದರಿಂದ ಗಡಿ ಗೊತ್ತಾಗುವುದಿಲ್ಲ. ಮೊದಲು ದೌರ್ಬಲ್ಯ ಎಂದೆವಲ್ಲ, ಅದೇ ಗುಣ ಇಲ್ಲಿ ಉಪಕಾರಿ. ಮೆಲಮೈನ್, ಪಿಯುವಿಗೆ ಈ ಸೌಕರ್ಯವಿಲ್ಲ, ಹಲಗೆ ಪೂರ್ತಿ ಹೊಸದಾಗಿ ಮಾಡಿಸಬೇಕಾಗುತ್ತದೆ. ಪಾಲಿಶಿನವರನ್ನು ಕರೆಸಿದರೆ ‘ಪೂರ್ತಿ ಉಜ್ಜಿ ಹೊಸದು ಮಾಡಿಕೊಡುತ್ತೇವೆ’ ಎಂಬ ಮಾತಿಗೆ ಕೂಡಲೇ ಒಪ್ಪಬೇಡಿ. ಕೆಟ್ಟ ಜಾಗಕ್ಕಷ್ಟೇ ಮಾಡಲು ಸಾಧ್ಯವೇ ಎಂದು ಕೇಳಿ, ಅಕ್ಷರ ಇದ್ದರೆ ತೋರಿಸಿ ಎಚ್ಚರಿಸಿ.

ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ದೇವರ ದೀಪ, ಊದುಬತ್ತಿ, ಗ್ಯಾಸ್ ಆರಿರಲಿ. ಟರ್ಪೆಂಟೈನ್, ಸೀಮೆಎಣ್ಣೆಗಳನ್ನು ನೀರಿನ ಬಾಟಲಿಯಲ್ಲಿ ಇಡಬೇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ, ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆಯೊಳಗಿನ ಬಿಸಿ ಹೊರಹೋಗಲಾಗದೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಅಂಥ ಬಟ್ಟೆಗಳನ್ನು ಅಂಗಳದ ತಂತಿಯ ಮೇಲೆ ಒಂದೊಂದಾಗಿ ಬಿಡಿಸಿ ಹರವಿ, ಪೂರ್ತಿ ಒಣಗಿ ಬಿರುಸಾದ ಮೇಲೆ ಎಸೆಯಿರಿ. ಹರವಲು ಜಾಗವಿಲ್ಲದಿದ್ದರೆ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ ಮನೆಯ ಹೊರಗೆ ಇಡಿ.